‘ಬರ್ಲಿ ಬಿಡ್ರಿ’ ನಡೆದು ಬಂದ ದಾರಿ

ಕಮಲಾಪುರದ ಕೆಂಪು ಬಾಳೆಹಣ್ಣು ಕಲಬುರಗಿ ಮಾರುಕಟ್ಟೆಗೆ ಬಂದಾಗ ನಡೆಯುವ ಚೌಕಾಶಿಗೆ ಸ್ವಲ್ಪ ಕಿವಿಗೊಡಿ. ‘ರೇಟ್ ಇಳೀಲಿ ಅಂತ ನಿಂತೀರೇನ್ರಿ?’ ‘ಒಂದ್ ಡಜನ್ ಕಟ್ಲೇನ್ರಿ?’ ‘ಇರ್ಲಿ ಬಿಡ್ರಿ, ನಾಳಿ ನೋಡೂಣು.’ ‘ಆಗ್ಲಿ ತಗೋರಿ, ನಿಮ್ಮ ಮಾತೇ ಆಗ್ಲಿ.’ ಇದರಲ್ಲಿ ನಡೆದುಹೋದ ಸಂಗತಿ ಒಂದೂ ಇಲ್ಲ. ಮೊದಲನೆಯದು ಆಸೆ, ಎರಡನೆಯದು ಅಪ್ಪಣೆ ಕೇಳುವುದು, ಮೂರನೆಯದು ಕೈಬಿಡುವುದು, ಕೊನೆಯದು ಒಪ್ಪಿಗೆ. ನಾಲ್ಕಕ್ಕೂ ದುಡಿಯುವುದು ಒಂದೇ ಪ್ರತ್ಯಯ: ಅಲಿ.

ಇದೇ ಸೀಮೆಯಿಂದ ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ಸ್ಪ್ಯಾನಿಷ್ ಕಲಿಯಲು ಕೂತವರು ಇಂಥದೇ ರೂಪದ ಮುಂದೆ ಮುಗ್ಗರಿಸುತ್ತಾರೆ. ಇಂಗ್ಲಿಷ್ ಪುಸ್ತಕಗಳು ಅದಕ್ಕೆ ‘ಪ್ರೆಸೆಂಟ್ ಸಬ್‌ಜಂಕ್ಟಿವ್’ ಎಂದು ಹೆಸರಿಟ್ಟು ನಿಯಮಗಳ ಮೂಟೆ ಹೊರಿಸುತ್ತವೆ. ಆದರೆ ಸರಕು ಅಷ್ಟು ಹೊಸದಲ್ಲ. ಸ್ಪ್ಯಾನಿಷ್‌ನಲ್ಲಿ ‘ಬೆನಿರ್’ ಎಂದರೆ ಬರುವುದು. ಬರವಣಿಗೆಯಲ್ಲಿ ವಕಾರವಿದ್ದರೂ ಬಾಯಲ್ಲಿ ಬಕಾರವೇ. ‘ಬೆಂಗೋ’ ಎಂದರೆ ಬರುತ್ತೇನೆ. ಕೊನೆಯ ಓಕಾರ ಕಿತ್ತು ಆಕಾರ ಹಚ್ಚಿದರೆ ‘ಬೆಂಗಾ’, ಅಂದರೆ ಬರಲಿ. ಲ್ಯಾಟಿನ್ನಿನ ‘ವೆನಿಯತ್’ ಸವೆದು ಸವೆದು ಈ ರೂಪಕ್ಕೆ ಬಂತು. ಬೀದಿ ಮೆರವಣಿಗೆಗಳಿಂದ ನಮಗೂ ಪರಿಚಿತವಾದ ‘ವಿವಾ’ ಕೂಡ ಬದುಕುವುದು ಎಂಬ ಧಾತುವಿನ ಇದೇ ರೂಪ. ಕಲಬುರಗಿಯ ಡಿ.ಸಿ. ಕಚೇರಿ ಮುಂದೆ ಕೂಗುವ ‘ಜಯವಾಗಲಿ’ಗೆ ಅದು ದೂರದ ಜೊತೆಗಾರ.

ಕನ್ನಡದ್ದಕ್ಕೂ ಇಂಥದೊಂದು ಸವೆತದ, ಬದಲಾವಣೆಯ ಕಥೆಯಿದೆ. ಕಲಬುರಗಿ ಜಿಲ್ಲೆಯದೇ ಆದ ಮಳಖೇಡದಲ್ಲಿ, ರಾಷ್ಟ್ರಕೂಟರ ಮಾನ್ಯಖೇಟದಲ್ಲಿ, ಒಂಬತ್ತನೆಯ ಶತಮಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿದಾಗ ಹಾರೈಕೆಗೆ ಅಲಿ ಇರಲಿಲ್ಲ. ಹಳಗನ್ನಡದ ಹಾರೈಕೆ ‘ಗೆ’, ‘ಕೆ’ಗಳಲ್ಲಿ ಮುಗಿಯುತ್ತಿತ್ತು. ಆಗಲಿ ಎನ್ನಲು ‘ಅಕ್ಕೆ’, ಬರಲಿ ಎನ್ನಲು ‘ಬರ್ಕೆ’. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ವಿಧಿ ಎಂಬ ತಲೆಬರಹದಡಿ ತಂದ. ಅಲ್ಲಿಂದ ಮುಂದೆ, ನಡುಗನ್ನಡದ ಹಾದಿಯಲ್ಲಿ, ‘ಗೆ’ ಹಿಂದೆ ಸರಿದು ‘ಅಲಿ’ ಮುಂದೆ ಬಂತು. ‘ಬರಲೇಬೇಕು’ ಎಂಬಲ್ಲಿ ಇಂದಿಗೂ ಇಣುಕುವ ‘ಬರಲ್’ ಎಂಬ ಹಳೆಯ ರೂಪದ ನೆರಳು ಈ ಅಲಿಯ ಮೇಲೂ ಕಾಣುತ್ತದೆ.

ಹಾಗೆಂದು ‘ಗೆ’ ಪೂರ್ತಿ ಸತ್ತಿಲ್ಲ. ‘ಸಿರಿಗನ್ನಡಂ ಗೆಲ್ಗೆ’ ಎಂಬ ಘೋಷಣೆಯ ‘ಗೆಲ್ಗೆ’ ಅದೇ ಹಳೆಯ ಹಾರೈಕೆ, ಗೆಲ್ಲಲಿ ಎಂದರ್ಥ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ ರಾ.ಹ. ದೇಶಪಾಂಡೆ ಅವರು ಕೊಟ್ಟ ಮಾತದು. ಆಡುನುಡಿ ಎಂದೋ ಕೈಬಿಟ್ಟಿದ್ದ ಪ್ರತ್ಯಯವನ್ನು ಅವರು ಬೇಕೆಂದೇ ಎತ್ತಿಕೊಂಡಿರಬೇಕು, ಯಾಕೆಂದರೆ ‘ಗೆಲ್ಲಲಿ’ ಎಂದರೆ ಅಷ್ಟು ಗತ್ತು ಬರುವುದಿಲ್ಲ. ಈ ಘೋಷಣೆ ಮೊಳಗುವ ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರಗಿಯಲ್ಲಿ ನಡೆದದ್ದು ನಾಲ್ಕು ಸಲ: 1928ರಲ್ಲಿ ಬಿ.ಎಂ.ಶ್ರೀ. ಅಧ್ಯಕ್ಷರು, 1949ರಲ್ಲಿ ಉತ್ತಂಗಿ ಚೆನ್ನಪ್ಪ, 1987ರಲ್ಲಿ ಸಿದ್ಧಯ್ಯ ಪುರಾಣಿಕ, 2020ರಲ್ಲಿ ಎಚ್.ಎಸ್. ವೆಂಕಟೇಶಮೂರ್ತಿ. ಮೊದಲನೆಯದು ನಿಜಾಮರ ಆಳ್ವಿಕೆಯಲ್ಲಿ, ಉರ್ದು ರಾಜಭಾಷೆಯಾಗಿದ್ದಾಗ ನಡೆದದ್ದು. ಎರಡನೆಯದರ ಹೊತ್ತಿಗೆ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಅಂಥ ಕಾಲದಲ್ಲಿ ಇಲ್ಲಿನವರಿಗೆ ‘ಗೆಲ್ಗೆ’ ಬರಿಯ ವ್ಯಾಕರಣವಾಗಿರಲಿಲ್ಲ.

ಕಲಬುರಗಿ ಕೋಟೆಯಲ್ಲಿರುವ 1367ರ ಜಾಮಿ ಮಸೀದಿ ಸ್ಪೇನಿನ ಕಾರ್ಡೋಬಾ ಮಸೀದಿಯ ಮಾದರಿಯದು ಎಂದು ಪ್ರವಾಸಿಗರಿಗೆ ಹೇಳುವ ರೂಢಿಯಿದೆ. ನನಗೆ ಅದು ಪೂರ್ತಿ ಒಪ್ಪಿಗೆಯಲ್ಲ: ಅಲ್ಲಿ ದೊಡ್ಡದೊಂದು ತೆರೆದ ಅಂಗಳವಿದೆ, ಇಲ್ಲಿ ಮಸೀದಿಗೆ ಮಸೀದಿಯೇ ಸೂರಿನಡಿ. ನುಡಿಯ ನಂಟು ಮಾತ್ರ ಖರೆ. ಸ್ಪ್ಯಾನಿಷ್‌ನವರು ಹಾರೈಸುವಾಗ ‘ಓಹಲಾ’ ಎನ್ನುತ್ತಾರೆ. ಅದು ಅರಬ್ಬರ ಆಳ್ವಿಕೆಯ ಕಾಲದಲ್ಲಿ ಸ್ಪೇನಿಗೆ ಬಂದ, ದೇವರು ಮನಸ್ಸು ಮಾಡಿದರೆ ಎಂಬ ಅರಬ್ಬಿ ಮಾತಿನ ಉಳಿಕೆ. ಅದರ ಹಿಂದೆಯೇ ‘ಬೆಂಗಾ’ ಬರಬೇಕು, ‘ಬರುತ್ತಾನೆ’ ಎನ್ನುವ ಸಾದಾ ರೂಪ ನಡೆಯದು. ಬಂದೇನವಾಜ್ ದರ್ಗಾದ ಆಸುಪಾಸಿನ ದಖನಿಯಲ್ಲಿ ‘ಇನ್‌ಷಾ ಅಲ್ಲಾ’ ಎನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಖುದಾ ಖೈರ್ ಕರೇ’, ದೇವರು ಒಳ್ಳೆಯದು ಮಾಡಲಿ, ಎಂಬಲ್ಲಿಯ ‘ಕರೇ’ಯೂ ಇದೇ ಬಳಗದ್ದು.

ಹತ್ತಿರದ ನುಡಿಗಳ ಸಹವಾಸ ಇನ್ನೊಂದು ಕಡೆ ಚೆನ್ನಾಗಿ ಕಾಣುತ್ತದೆ. ‘ಏನ್ ಮಾಡ್ಲಿ?’ ಎಂದು ಕನ್ನಡದವರು ತಲೆ ಮೇಲೆ ಕೈಹೊತ್ತರೆ ಉರ್ದುವಿನವರು ‘ಕ್ಯಾ ಕರೂಂ?’ ಎನ್ನುತ್ತಾರೆ, ಮರಾಠಿಯವರು ‘ಕಾಯ್ ಕರೂ?’ ಎನ್ನುತ್ತಾರೆ. ಮೂರೂ ಒಂದೇ ಧಾಟಿ. ಸ್ಪ್ಯಾನಿಷ್ ಇಲ್ಲಿ ಕೈಕೊಡುತ್ತದೆ. ಅಲ್ಲಿ ‘ಕೆ ಆಗೋ?’ ಎಂದು ‘ಏನು ಮಾಡುತ್ತೇನೆ?’ ಎನ್ನುವ ಸಾದಾ ರೂಪದಲ್ಲೇ ಕೇಳುವುದು ವಾಡಿಕೆ. ಅದರ ಬದಲಿಗೆ ಸಂಶಯದ ಮಾತಿನಲ್ಲಿ ಅವರು ‘ಬೆಂಗಾ’ ತರುತ್ತಾರೆ: ಅವನು ಬರುವುದು ಅನುಮಾನ ಎನ್ನಬೇಕಾದರೆ ‘ದೂದೋ ಕೆ ಬೆಂಗಾ’. ಶಿಷ್ಟ ಕನ್ನಡದಲ್ಲಿ ಅಂಥ ಕೆಲಸ ‘ಬಂದಾನು’ವಿನದು, ಸಂಭಾವನಾರ್ಥಕದ್ದು. ಕಲಬುರಗಿಯಲ್ಲಿ ಅದೂ ಕಷ್ಟ. ಇಲ್ಲಿ ‘ಬಂದಾನ’ ಎಂದರೆ ಆಸಾಮಿ ಆಗಲೇ ಬಂದು ಕೂತಿದ್ದಾನೆ!

ಎಲ್ಲಕ್ಕಿಂತ ಬೆಸೆದುಕೊಳ್ಳುವ ಜಾಗವೆಂದರೆ ‘ಅಂತ’. ‘ನೀ ಸಾಲಿ ಕಲೀಲಿ ಅಂತ ಹೊಲ ಮಾರೀನಿ’ ಎನ್ನುವ ತಂದೆ ಎದುರಿಗಿರುವ ಮಗನಿಗೇ ‘ಕಲೀಲಿ’ ಎನ್ನುತ್ತಾನೆ. ‘ಅಂತ’ ತೆಗೆದರೆ ಅದು ‘ಕಲಿ’ ಆಗಬೇಕು. ಸ್ಪ್ಯಾನಿಷ್‌ನಲ್ಲಿ ಈ ‘ಅಂತ’ದ ಜಾಗದಲ್ಲಿ ‘ಕೆ’ ನಿಲ್ಲುತ್ತದೆ, ‘ನೀನು ಬರಲಿ ಅಂತ ಬಯಸುತ್ತೇನೆ’ ಎನ್ನುವುದು ‘ಕಿಯೆರೋ ಕೆ ಬೆಂಗಾಸ್’ ಆಗುತ್ತದೆ. ಆ ಕೊನೆಯ ಸಕಾರ ‘ನೀನು’ ಎಂಬುದರ ಗುರುತು. ನಮ್ಮ ಅಲಿಗೆ ಆ ಗೊಡವೆಯಿಲ್ಲ, ನಾನು, ಅವನು, ಅವರು ಎಲ್ಲರಿಗೂ ಅದು ಒಂದೇ.

1492ರಲ್ಲಿ ಸ್ಪ್ಯಾನಿಷ್‌ಗೆ ವ್ಯಾಕರಣ ಬರೆದ ನೆಬ್ರಿಹಾ, ಲ್ಯಾಟಿನ್ ದಾರಿ ಹಿಡಿದು, ಆಜ್ಞೆಗೆ ಒಂದು, ಹಾರೈಕೆಗೆ ಒಂದು ಎಂದು ಕ್ರಿಯಾಪದದ ಬೇರೆ ಬೇರೆ ಮನೆ ಕಟ್ಟಿದ. ನಮ್ಮ ಶಾಲಾ ವ್ಯಾಕರಣ ‘ಮಾಡು’ವನ್ನೂ ‘ಮಾಡಲಿ’ಯನ್ನೂ ಈಗಲೂ ವಿಧ್ಯರ್ಥಕ ಎಂಬ ಒಂದೇ ಪಂಗಡದಲ್ಲಿ ಕೂಡಿಹಾಕುತ್ತದೆ. ಆಜ್ಞೆ, ಹಾರೈಕೆ, ಅಪ್ಪಣೆ, ಸಮ್ಮತಿ ಎಂದು ಅರ್ಥಗಳ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುತ್ತದೆ. ‘ಅಂತ’ದ ಜೊತೆ ಅಲಿ ಹೇಗೆ ನಡೆಯುತ್ತದೆ ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಮಕ್ಕಳಿಗೆ ಕನ್ನಡ ಕಲಿಸುವವರು ಆ ಪಾಠಕ್ಕೆ ಬಂದಾಗ ಪಟ್ಟಿಯನ್ನು ಪಕ್ಕಕ್ಕಿಟ್ಟು, ಕಮಲಾಪುರದ ಹುಡುಗರ ಬಾಯಲ್ಲೇ ಇರುವ ‘ಬರ್ಲೇನ್ರಿ’, ‘ಇಳೀಲಿ ಅಂತ’ಗಳನ್ನು ಹಲಗೆಯ ಮೇಲೆ ಬರೆಯಲಿ.