ಐವತ್ತೆರಡನೆಯ ಆಟ

ಮೊಟ್ಟೆ ಕದ್ದ ಹಂದಿಗಳ ಮೇಲೆ ಮುನಿದ ಹಕ್ಕಿಗಳು ಕವಣೆಯಿಂದ ಚಿಮ್ಮುತ್ತವೆ. ಹಂದಿಗಳ ಕೋಟೆ ಕುಸಿದು ಬೀಳುತ್ತದೆ. ‘ಆ್ಯಂಗ್ರಿ ಬರ್ಡ್ಸ್’ ಎಂಬ ಈ ಮೊಬೈಲ್ ಆಟವನ್ನು ಅರಿಯದ ಮಕ್ಕಳು ವಿರಳ. ಇದನ್ನು ರಚಿಸಿದ ಸಂಸ್ಥೆ ಒಮ್ಮೆ ದಿವಾಳಿಯ ಅಂಚಿನಲ್ಲಿ ನಿಂತಿತ್ತೆಂಬುದನ್ನು ಬಲ್ಲವರು ಇನ್ನೂ ವಿರಳ.

2003ನೆಯ ಇಸವಿ. ಫಿನ್‌ಲೆಂಡಿನ ನೋಕಿಯಾ ಫೋನುಗಳು ಜಗತ್ತನ್ನೇ ಆಳುತ್ತಿದ್ದ ಕಾಲ. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ಮೊಬೈಲ್ ಆಟ ರಚಿಸುವ ಸ್ಪರ್ಧೆಯೊಂದರಲ್ಲಿ ಗೆದ್ದು, ಆ ಉತ್ಸಾಹದಲ್ಲೇ ಸಂಸ್ಥೆಯೊಂದನ್ನು ಕಟ್ಟಿದರು. ಅವರಲ್ಲಿ ನಿಕ್ಲಾಸ್ ಹೆಡ್ ಒಬ್ಬರು. 2005ರಲ್ಲಿ ಸಂಸ್ಥೆಗೆ ‘ರೋವಿಯೊ’ ಎಂಬ ಹೆಸರಾಯಿತು. ಫಿನ್ನಿಷ್ ಭಾಷೆಯಲ್ಲಿ ಅದರರ್ಥ ಧಗಧಗಿಸುವ ಬೆಂಕಿಯ ರಾಶಿ.

ಆದರೆ ಬೆಂಕಿ ಹೊತ್ತಿಕೊಳ್ಳಲೇ ಇಲ್ಲ. ಅಂದು ಫೋನಿಗೆ ಯಾವ ಆಟ ಸೇರಬೇಕೆಂಬುದು ಫೋನು ತಯಾರಕರ ಹಾಗೂ ದೂರವಾಣಿ ಕಂಪನಿಗಳ ಕೈಯಲ್ಲಿತ್ತು. ಬಹುಪಾಲು ಅನ್ಯ ಸಂಸ್ಥೆಗಳಿಗಾಗಿಯೇ ದುಡಿದು ರೋವಿಯೊ ಐವತ್ತೊಂದು ಆಟಗಳನ್ನು ರಚಿಸಿತು. ಸುಮಾರು ಐವತ್ತು ಮಂದಿಯಿದ್ದ ಕಚೇರಿಯಲ್ಲಿ ಕೊನೆಗೆ ಉಳಿದವರು ಹನ್ನೆರಡು ಮಂದಿ.

ಅಷ್ಟರಲ್ಲಿ, 2008ರಲ್ಲಿ, ಆ್ಯಪಲ್ ಸಂಸ್ಥೆಯು ‘ಆ್ಯಪ್ ಸ್ಟೋರ್’ ತೆರೆಯಿತು. ಯಾವ ಮೂಲೆಯ ರಚನೆಕಾರನೂ ತನ್ನ ಆಟವನ್ನು ಗ್ರಾಹಕನಿಗೆ ನೇರವಾಗಿ ಮಾರಬಹುದಾಯಿತು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆಯಲ್ಲವೆ? 2009ರಲ್ಲಿ ಯಾಕ್ಕೊ ಇಸಾಲೊ ಎಂಬ ವಿನ್ಯಾಸಕಾರರು ಕಾಲಿಲ್ಲದ, ಹುಬ್ಬು ಗಂಟಿಕ್ಕಿದ ದುಂಡು ಹಕ್ಕಿಗಳ ಚಿತ್ರವನ್ನು ಮುಂದಿಟ್ಟರು. ಸಹೋದ್ಯೋಗಿಗಳಿಗೆ ಅವು ಮೆಚ್ಚುಗೆಯಾದವು. ಹೀಗೆ ಮೊದಲು ಚಿತ್ರ ಮೂಡಿತು, ಆಟ ಅನಂತರ ಹುಟ್ಟಿತು! ಆ ವರ್ಷ ಎಲ್ಲೆಡೆ ಸುದ್ದಿಯಲ್ಲಿದ್ದ ಹಂದಿಜ್ವರವೇ ಹಕ್ಕಿಗಳಿಗೆ ವೈರಿಯನ್ನೂ ಒದಗಿಸಿತು. ಎಂದೂ ಇಂಥ ಆಟಗಳತ್ತ ಸುಳಿಯದ ನಿಕ್ಲಾಸರ ತಾಯಿ ಇದನ್ನಾಡುತ್ತ ಮೈಮರೆತು, ಕ್ರಿಸ್ಮಸ್ ಹಬ್ಬದ ಅಡುಗೆಯನ್ನೇ ಸೀಯಿಸಿದರಂತೆ.

ಡಿಸೆಂಬರ್ 2009ರಲ್ಲಿ ಹೊರಬಂದ ಆಟ 2010ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಆ್ಯಪ್ ಸ್ಟೋರಿನಲ್ಲಿ ಅಗ್ರಸ್ಥಾನಕ್ಕೇರಿತು. ಹಕ್ಕಿಗಳ ಆಟಗಳೆಲ್ಲ ಸೇರಿ 2012ರ ವೇಳೆಗೆ ನೂರು ಕೋಟಿ ಬಾರಿ ಫೋನು, ಕಂಪ್ಯೂಟರುಗಳಿಗೆ ಇಳಿದಿದ್ದವು.

ಕೀರ್ತಿಯ ಶಿಖರದಲ್ಲಿ ನಿಲ್ಲುವುದು ಏರುವುದಕ್ಕಿಂತ ಕಠಿಣ. ಉಚಿತವಾಗಿ ಆಡಲು ಕೊಟ್ಟು, ಆಟದೊಳಗಿನ ವಸ್ತುಗಳನ್ನು ಮಾರಿ ಹಣ ಗಳಿಸುವ ಹೊಸ ಪದ್ಧತಿ ಬಂದಿತು. ಹಕ್ಕಿಗಳನ್ನೇ ನೆಚ್ಚಿದ್ದ ರೋವಿಯೊ ಹಿಂದೆ ಬಿದ್ದಿತು. 2014 ಮತ್ತು 2015ರಲ್ಲಿ ನೂರಾರು ಮಂದಿ ಕೆಲಸ ಕಳೆದುಕೊಂಡರು. 2016ರ ಚಲನಚಿತ್ರ ಹಕ್ಕಿಗಳಿಗೆ ಮತ್ತೆ ಬಲ ತುಂಬಿತು. 2023ರಲ್ಲಿ ಜಪಾನಿನ ಸೆಗಾ ಸಂಸ್ಥೆ ರೋವಿಯೊವನ್ನು ಕೊಂಡುಕೊಂಡಿತು.

ಜನ ಇದನ್ನು ಅದೃಷ್ಟವೆಂದರು. ಆದರೆ ಅದೃಷ್ಟ ಬಾಗಿಲು ತಟ್ಟಿದಾಗ ಒಳಗೆ ಹನ್ನೆರಡು ಮಂದಿ ಇನ್ನೂ ದುಡಿಯುತ್ತಿದ್ದರೆಂಬುದನ್ನು ಮರೆಯಲಾಗದು.