ನಿಮಗಿದು ಗೊತ್ತೇ? ಹಂದಿಯ ಗಂಟಲೊಂದು ಚಕ್ರವ್ಯೂಹ!

ಅರಿವಳಿಕೆ ಕೊಟ್ಟು ಆಪರೇಷನ್ ಮಾಡುವಾಗ ಉಸಿರಿನ ದಾರಿ ಮುಚ್ಚಿಹೋಗದಂತೆ ಬಾಯಿಯಿಂದ ಶ್ವಾಸನಾಳಕ್ಕೆ ಒಂದು ಟ್ಯೂಬ್ ಇಳಿಸುತ್ತಾರೆ. ನಾಯಿಗಾದರೆ ಅದು ಸಲೀಸು. ಹಂದಿಗೆ? ನುರಿತ ಪಶುವೈದ್ಯರಿಗೂ ಅದೊಂದು ಪರೀಕ್ಷೆ!

ಹಂದಿಯ ಮೂತಿ ಅಷ್ಟುದ್ದ, ಆದರೆ ಬಾಯಿ ಅಗಲವಾಗಿ ತೆರೆಯುವುದೇ ಇಲ್ಲ. ಒಳಗೆ ದಪ್ಪ ನಾಲಿಗೆ, ಮೇಲೆ ಉದ್ದನೆಯ ಮೆದು ಅಂಗುಳ. ಧ್ವನಿಪೆಟ್ಟಿಗೆ ಎಲ್ಲೋ ಆಳದಲ್ಲಿ. ದೊಡ್ಡ ಹಂದಿಯಲ್ಲಿ ಅದನ್ನು ಕಾಣಬೇಕೆಂದರೆ ಗಂಟಲೊಳಗೆ ನೋಡುವ ಉಪಕರಣವಾದ ಲಾರಿಂಗೋಸ್ಕೋಪಿನ ಅಲಗು 20ರಿಂದ 25 ಸೆಂ.ಮೀ. ಉದ್ದವಿರಬೇಕು!

ದಾರಿ ಕಂಡಿತೆಂದು ಹಿಗ್ಗಬೇಡಿ. ಹಂದಿಯ ಧ್ವನಿಪೆಟ್ಟಿಗೆ ಶ್ವಾಸನಾಳದ ನೇರಕ್ಕಿಲ್ಲ, ಓರೆಯಾಗಿದೆ. ಒಳಹೊಕ್ಕ ಟ್ಯೂಬಿನ ತುದಿ ಅಲ್ಲಿನ ನೆಲದ ಗುಳಿಯಲ್ಲಿ ಸಿಕ್ಕಿ ನಿಂತುಬಿಡುತ್ತದೆ. ಜೋರಾಗಿ ತಳ್ಳಿದರೆ ಗಾಯ ಖಚಿತ. ಬಲ್ಲವರು ಏನು ಮಾಡುತ್ತಾರೆ ಗೊತ್ತೇ? ಟ್ಯೂಬನ್ನು ಮೆಲ್ಲಗೆ 180 ಡಿಗ್ರಿ ತಿರುಗಿಸುತ್ತಾರೆ. ತುದಿ ಗುಳಿಯಿಂದ ಮೇಲೆದ್ದು, ತಿರುವು ದಾಟಿ, ಸರಕ್ಕನೆ ಒಳಗಿಳಿಯುತ್ತದೆ. ಇಷ್ಟು ಪುಟ್ಟ ಕೈಚಳಕ, ಎಷ್ಟು ದೊಡ್ಡ ಕೆಲಸ!

ಇನ್ನೊಂದು ಮೋಸದ ತಾಣವೂ ಇದೆ. ಗಂಟಲ ಹಿಂಭಾಗದಲ್ಲಿ, ಅನ್ನನಾಳದ ಬಾಯಿಗೆ ತುಸು ಮೇಲೆ, ಅಂಗಿಯ ಜೇಬಿನಂಥ ಒಂದು ಕುರುಡು ಚೀಲ. ಒಳಗೆ ಹೋಗಬಹುದು, ಮುಂದೆ ದಾರಿಯೇ ಇಲ್ಲ! ಮರಿಗಳಿಗೆ ಬಾಯಲ್ಲಿ ಔಷಧಿ ಹಾಕುವ ಕೊಳವೆಯೂ ಇದಕ್ಕೆ ಚುಚ್ಚಿ ತೂತು ಮಾಡೀತು, ಜೋಕೆ.

ಸ್ವಲ್ಪ ತಾಗಿದರೂ ಸಾಕು, ಹಂದಿಯ ಧ್ವನಿತಂತುಗಳು ಪಟ್ಟನೆ ಮುಚ್ಚಿಕೊಳ್ಳುತ್ತವೆ! ಅದಕ್ಕೇ ಮೊದಲು ಲಿಡೊಕೇನ್ ಸಿಂಪಡಿಸಿ, ಅಲ್ಲಿ ಜೋಮು ಹಿಡಿಯುವವರೆಗೆ ಕಾಯುತ್ತಾರೆ.

ಇಷ್ಟು ದಪ್ಪ ಪ್ರಾಣಿಯ ಶ್ವಾಸನಾಳವೂ ದಪ್ಪಗಿರಬೇಕಲ್ಲವೇ? ಇಲ್ಲ! ಅಷ್ಟೇ ತೂಕದ ನಾಯಿಗೆ ಹಾಕುವ ಟ್ಯೂಬಿಗಿಂತ ಸಣ್ಣದೇ ಇದಕ್ಕೆ ಬೇಕು.

ಹಂದಿಯ ಬಲ ಶ್ವಾಸಕೋಶದ ಮುಂದಿನ ಹಾಲೆಗೆ ಹೋಗುವ ಗಾಳಿಕೊಳವೆ, ಶ್ವಾಸನಾಳ ಎರಡಾಗಿ ಕವಲೊಡೆಯುವ ಮುನ್ನವೇ ಬೇರ್ಪಡುತ್ತದೆ. ದನ, ಕುರಿಗಳಲ್ಲೂ ಹೀಗೇ. ಟ್ಯೂಬ್ ತುಸು ಹೆಚ್ಚು ಆಳಕ್ಕಿಳಿದರೆ ಆ ಹಾಲೆಗೆ ಗಾಳಿಯೇ ಇಲ್ಲ!

ಹಂದಿಯ ಗಂಟಲಿಗೆ ಎಂಥ ಇತಿಹಾಸವಿದೆ ನೋಡಿ. 2ನೇ ಶತಮಾನದ ರೋಮಿನಲ್ಲಿ ವೈದ್ಯ ಗ್ಯಾಲೆನ್ ಕಿರುಚುತ್ತಿದ್ದ ಹಂದಿಯ ಕುತ್ತಿಗೆಯ ನರಗಳನ್ನು ಕತ್ತರಿಸಿದ. ಕಿರುಚಾಟ ಥಟ್ಟನೆ ನಿಂತಿತು! ದನಿಯನ್ನು ಆಳುವ ನರ ಪತ್ತೆಯಾದದ್ದು ಹೀಗೆ. ಆ ಮೂಕಪ್ರಾಣಿಯನ್ನು ನೆನೆದರೆ ಕರುಳು ಚುರುಕ್ಕೆನ್ನುತ್ತದೆ. ಮುಂದೆ 1543ರಲ್ಲಿ ವೆಸೇಲಿಯಸ್ ತನ್ನ ಅಂಗರಚನಾ ಗ್ರಂಥದಲ್ಲಿ, ಪ್ರಾಣಿಯ ಶ್ವಾಸನಾಳಕ್ಕೆ ಜೊಂಡಿನ ಕೊಳವೆ ಸೇರಿಸಿ ಊದಿದರೆ ಶ್ವಾಸಕೋಶ ಮತ್ತೆ ಉಬ್ಬುತ್ತದೆಂದು ಬರೆದ. ಇಂದಿನ ವೆಂಟಿಲೇಟರಿನ ಮುತ್ತಜ್ಜ ಒಂದು ಜೊಂಡು!

ಟ್ಯೂಬ್ ಸರಿಯಾಗಿ ಇಳಿದರೂ, ಕೆಲವು ತಳಿಯ ಹಂದಿಗಳಿಗೆ ಹ್ಯಾಲೊಥೇನ್ ಎಂಬ ಅರಿವಳಿಕೆ ಅನಿಲವೇ ಕಂಟಕ. ಉಸಿರಿನಲ್ಲಿ ಇಂಗಾಲದ ಡೈ ಆಕ್ಸೈಡ್ ಏರುತ್ತದೆ, ಮೈ ಮರಗಟ್ಟುತ್ತದೆ, ಜ್ವರ ನೆತ್ತಿಗೇರುತ್ತದೆ. ಕೆಲವು ಮನುಷ್ಯರಿಗೂ ಇದೇ ತೊಂದರೆಯುಂಟು. ಇದಕ್ಕೆ ಡ್ಯಾಂಟ್ರೊಲೀನ್ ಮದ್ದಾಗುತ್ತದೆಂದು 1975ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ತೋರಿಸಿಕೊಟ್ಟದ್ದು ಹಂದಿಗಳಲ್ಲೇ. ಇಂದು ಅದು ಮನುಷ್ಯರ ಜೀವ ಉಳಿಸುತ್ತಿದೆ!

ಆಪರೇಷನ್ ಮುಗಿದ ಮೇಲೂ ಅವಸರ ಸಲ್ಲದು. ಹಂದಿ ತಾನೇ ನುಂಗತೊಡಗುವವರೆಗೆ ಟ್ಯೂಬ್ ತೆಗೆಯುವುದಿಲ್ಲ. ತೆಗೆದ ಮೇಲೆ ಎದೆ ಕೆಳಗಾಗಿ ಮಲಗಿಸಿ ಕಾಯುತ್ತಾರೆ. ಯಾಕೆ ಗೊತ್ತೇ? ಆ ಉದ್ದನೆಯ ಅಂಗುಳವೇ ಜೋತುಬಿದ್ದು ಉಸಿರಿಗೆ ಅಡ್ಡ ಬರಬಹುದು!