ಹಳೆಯ ಬೆರಳಿಗೆ ಹೊಸ ಕೀಬೋರ್ಡ್

ಯಮಾಹಾದ ಪಿಎಸ್‌ಆರ್‌–ಇ363 ಕೀಬೋರ್ಡಿನಲ್ಲಿ 574 ಟೋನ್‌ಗಳಿದ್ದವು. ಅದರ ಜಾಗಕ್ಕೆ ಬಂದ ಇ373ರಲ್ಲಿ 622 ಆದವು. 2024ರಲ್ಲಿ ಬಂದ ಇ383ರಲ್ಲಿ 650. ಮಗಳಿಗೆಂದು ಇ363 ಕೊಡಿಸಿದ್ದ ಅಪ್ಪನಿಗೆ ‘ನಮ್ಮದು ಹಳತಾಯಿತಲ್ಲ’ ಎಂಬ ಕೊರಗು ಹತ್ತಲು ಇಷ್ಟು ಸಾಕು. ಆದರೆ ಈ ಮೂರರಲ್ಲೂ ಒಂದು ಸಂಖ್ಯೆ ಮಾತ್ರ ಅಲುಗಾಡಿಲ್ಲ. ಪಾಲಿಫೊನಿ ಅಂದೂ 48, ಇಂದೂ 48.

ಒಂದೇ ಹೊತ್ತಿಗೆ ಎಷ್ಟು ಸ್ವರ ಮೊಳಗಬಲ್ಲವು ಎಂಬುದು ಪಾಲಿಫೊನಿ. ಇರುವುದು ಹತ್ತೇ ಬೆರಳು, ಇಷ್ಟೊಂದು ಸ್ವರ ಏತಕ್ಕೆ ಎಂದು ಕೇಳಬಹುದು. ಸಸ್ಟೇನ್ ಪೆಡಲ್ ತುಳಿದರೆ ಬೆರಳು ಬಿಟ್ಟ ಸ್ವರಗಳೂ ಉಳಿದುಕೊಳ್ಳುತ್ತವೆ. ಎರಡು ಟೋನ್ ಕೂಡಿಸಿದರೆ ಖರ್ಚು ಇಮ್ಮಡಿ. ಹಿಂದೆ ಓಡುವ ಸ್ಟೈಲಿನ ಡ್ರಮ್ಸ್, ಬೇಸ್ ಕೂಡ ಇದೇ ಗಂಟಿನಿಂದಲೇ ಕಳೆಯುತ್ತವೆ. ಗಂಟು ಕರಗಿದಾಗ ಮೊದಲಿನ ಸ್ವರ ತಟ್ಟನೆ ಕಡಿದುಹೋಗುತ್ತದೆ. 32ರ ಪಾಲಿಫೊನಿಯಲ್ಲಿ ಈ ಕಾಟ ಅನುಭವಿಸಿದವರಿಗೆ, 64 ಇರುವ ಇ473ಕ್ಕೆ ಹೋಗುವುದು ನಿಜವಾದ ಬಡ್ತಿ. ಇ363 ಕೊಟ್ಟು ಇ383 ತರುವವರಿಗೆ ಕೆಲವು ಚೆಂದದ ಟೋನ್ ಸಿಗುತ್ತವೆ, ನಿಜ. ಆದರೆ ಕೈಗೆ ಹೆಚ್ಚೇನೂ ಸಿಗುವುದಿಲ್ಲ.

ಕೈಗೆ ಸಿಗುವುದೇ ಮುಖ್ಯ. ನಮ್ಮ ಸಂಗೀತ ನುಡಿಸುವವರಿಗಂತೂ ಅದು ಪಿಚ್ ಬೆಂಡ್ ವೀಲ್. ಎಡಬದಿಯ ಆ ಸಣ್ಣ ಚಕ್ರವಿಲ್ಲದೆ ಕೀಬೋರ್ಡಿನಲ್ಲಿ ಗಮಕವಿಲ್ಲ. ತೋಡಿ ರಾಗದ ಗಾಂಧಾರವನ್ನು ಬರಿಯ ಕೀ ಒತ್ತಿ ತರಲು ಯಾರಿಂದಲೂ ಆಗದು. ಚೆನ್ನೈನ ‘ಕೀಬೋರ್ಡ್’ ಸತ್ಯನಾರಾಯಣನ್ ಕರ್ನಾಟಕ ಸಂಗೀತ ಕಛೇರಿಗಳಲ್ಲಿ ಈ ವಾದ್ಯಕ್ಕೆ ಗಮಕ ಕಲಿಸಿದ್ದೂ ಎಡಗೈಯ ಈ ಆಟದಿಂದಲೇ. ಇ363, ಇ373, ಇ383ಗಳಲ್ಲಿ ಈ ಚಕ್ರವೇ ಇಲ್ಲ, ಇ473ರಲ್ಲಿದೆ. ಭಾರತಕ್ಕೆಂದೇ ತಯಾರಾದ ಪಿಎಸ್‌ಆರ್‌–ಐ455ರಲ್ಲಿ ಚಕ್ರದ ಜೊತೆಗೆ ತಂಬೂರಿ, ತಬಲಾ ನುಡಿಸಿಕೊಂಡು ಅಭ್ಯಾಸ ಮಾಡುವ ‘ರಿಯಾಜ್’ ಸೌಲಭ್ಯವೂ ಇತ್ತು. ಹೀಗಾಗಿ ರಾಗ ಕಲಿಯುವ ಹುಡುಗನಿಗೆ ಹೊಚ್ಚಹೊಸ ಇ383ಕ್ಕಿಂತ ಹಳೆಯ ಐ455 ವಾಸಿ.

ಬೆರಳ ಒತ್ತಡಕ್ಕೆ ತಕ್ಕಂತೆ ದನಿ ಏರಿಳಿಯುವ ಟಚ್ ರೆಸ್ಪಾನ್ಸ್ ಇಲ್ಲದ ಕೀಬೋರ್ಡ್ ಮನೆಯಲ್ಲಿದ್ದರೆ ಮಾತ್ರ ತಡಮಾಡದೆ ಬದಲಿಸಬೇಕು. ಮೆಲ್ಲಗೆ ಮುಟ್ಟಿದರೂ ಗುದ್ದಿದರೂ ಒಂದೇ ದನಿ ಕೊಡುವ ವಾದ್ಯದಲ್ಲಿ ಕಲಿತ ಕೈಯನ್ನು ಆಮೇಲೆ ತಿದ್ದುವುದು ಕಷ್ಟ. ಯಮಾಹಾದ ಅಗ್ಗದ ಇ273 ಇಂಥದ್ದೇ.

ವೃತ್ತಿಯವರ ಲೆಕ್ಕಾಚಾರ ಇನ್ನೊಂದು ಬಗೆ. ದಶಕದ ಹಿಂದೆ ಬಂದ ರೋಲೆಂಡ್ ಎಕ್ಸ್‌ಪಿಎಸ್‌–10 ಇಂದಿಗೂ ಆರ್ಕೆಸ್ಟ್ರಾ ವೇದಿಕೆಗಳನ್ನು ಬಿಟ್ಟು ಇಳಿದಿಲ್ಲ. ಹಗುರ, ಹೊರಲು ಸುಲಭ. ಅದಕ್ಕಿಂತ ದೊಡ್ಡ ಕಾರಣ, ಹೊರಗಿನ ಶಬ್ದವನ್ನು ಪೆನ್‌ಡ್ರೈವ್ ಮೂಲಕ ಅದರೊಳಗೆ ತುಂಬಿಸಬಹುದು. ಹೊಸ ಸಿನಿಮಾ ಹಾಡಿನ ಟೋನ್ ಬೇಕಾದಾಗ ವಾದಕ ಟೋನ್ ಕೊಳ್ಳುತ್ತಾನೆ, ಕೀಬೋರ್ಡ್ ಅಲ್ಲ.

ಮನೆಯ ಕೀಬೋರ್ಡಿಗೂ ಇಂಥ ದಾರಿಯೊಂದುಂಟು. ವಾದ್ಯಗಳು ತಮ್ಮೊಳಗೆ ಮಾತಾಡಿಕೊಳ್ಳುವ ಮಿಡಿ ಎಂಬ ವ್ಯವಸ್ಥೆ ಬಂದದ್ದು 1983ರಲ್ಲಿ. ಮಿಡಿ 2.0 2020ರಲ್ಲಿ ಬಂದರೂ ಹಳೆಯದು ಸತ್ತಿಲ್ಲ. ಐದು ಪಿನ್ನಿನ ಮಿಡಿ ಕಿಂಡಿಯಾಗಲಿ, ಯುಎಸ್‌ಬಿ–ಟು–ಹೋಸ್ಟ್ ಕಿಂಡಿಯಾಗಲಿ ಇದ್ದರೆ ಕಂಪ್ಯೂಟರಿಗೋ ಐಪ್ಯಾಡಿಗೋ ಜೋಡಿಸಿ, ಗ್ಯಾರೇಜ್‌ಬ್ಯಾಂಡ್‌ನಂಥ ಉಚಿತ ಆ್ಯಪಿನ ಪಿಯಾನೊವನ್ನು ಹಳೆಯ ಕೀಗಳಲ್ಲೇ ನುಡಿಸಬಹುದು. ಆಂಡ್ರಾಯ್ಡ್ ಫೋನುಗಳಲ್ಲಿ ಒತ್ತಿದ್ದಕ್ಕೂ ಕೇಳಿದ್ದಕ್ಕೂ ನಡುವೆ ತಡ ಆಗುವುದುಂಟು; ಮೊದಲು ಪರೀಕ್ಷಿಸಿ ನೋಡುವುದು ಒಳ್ಳೆಯದು.

ಇನ್ನು ‘ಕೀಗಳು ಹೋಗಿವೆ’ ಎಂಬ ದೂರು. ಒಂದು ಕೀ ದನಿಯನ್ನೇ ಕೊಡದಿದ್ದರೆ, ಇನ್ನೊಂದು ಮುಟ್ಟಿದೊಡನೆ ಅರಚಿದರೆ, ಬಹಳಷ್ಟು ಸಲ ತಪ್ಪು ಕೀಗಳ ಕೆಳಗಿನ ರಬ್ಬರ್ ಪಟ್ಟಿಯದು. ಅದರ ಮೇಲಿನ ಕಾರ್ಬನ್ ಸವೆದಿರುತ್ತದೆ, ಇಲ್ಲವೇ ದೂಳು ಕೂತಿರುತ್ತದೆ. ಬಲ್ಲ ಮೆಕ್ಯಾನಿಕ್ ಸ್ವಚ್ಛ ಮಾಡಿ, ಬೇಕಿದ್ದರೆ ಪಟ್ಟಿ ಬದಲಿಸಿ ಕೊಡುತ್ತಾನೆ. ಅಡಾಪ್ಟರ್ ಕೆಟ್ಟಿದ್ದರೆ ವೋಲ್ಟೇಜ್ ಜೊತೆ ಪಿನ್ನಿನ ಪ್ಲಸ್–ಮೈನಸ್ ಕೂಡ ಹೊಂದುವಂಥದ್ದನ್ನೇ ತರಬೇಕು.

ಇಷ್ಟಾದ ಮೇಲೂ ಹೊಸದು ಬೇಕೆನಿಸಿದರೆ, ಅಂಗಡಿಯಲ್ಲಿ ಡೆಮೊ ಗುಂಡಿ ಮಾತ್ರ ಒತ್ತಬೇಡಿ. ಸ್ಟೈಲ್ ನಿಲ್ಲಿಸಿ, ಪಿಯಾನೊ ಟೋನ್ ಒಂದನ್ನೇ ಇಟ್ಟುಕೊಂಡು, ಮನೆಯಲ್ಲಿ ದಿನವೂ ನುಡಿಸುವ ಹಾಡನ್ನೇ ಅಲ್ಲೂ ನುಡಿಸಿ. ಬೆರಳಿಗೆ ವ್ಯತ್ಯಾಸ ತಿಳಿಯದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.